ಯಾರ ತಲೆಗೆ ಹೆಲ್ಮೆಟ್: ಒಂದು ಶತಮಾನದ ಚರಿತ್ರೆ

ಮೋಟಾರ್ ಸೈಕಲ್ ಸವಾರನ ಸುರಕ್ಷತೆಗೆ ಬ್ರೇಕು, ಟೈರು, ದೀಪ, ರಸ್ತೆಯ ಮೈ ಇವೆಲ್ಲವೂ ಬೇಕಾದವುಗಳೇ ಆದರೂ, ಕೆಳಗೆ ಬಿದ್ದ ಸವಾರ ಉಳಿಯುತ್ತಾನೆಯೇ ಇಲ್ಲವೇ ಎಂಬುದು ಬಹುಮಟ್ಟಿಗೆ ತಲೆಯ ಪೆಟ್ಟಿನಿಂದಲೇ ತೀರ್ಮಾನವಾಗುವುದರಿಂದ, ಆ ಸುರಕ್ಷತೆಯ ಚರಿತ್ರೆಯೆಂದರೆ ಮುಖ್ಯವಾಗಿ ಹೆಲ್ಮೆಟ್ಟಿನ ಚರಿತ್ರೆಯೇ. ಈ ಚರಿತ್ರೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗಟ್ಟಿಯಾದ ಶಿರಸ್ತ್ರಾಣ ತಲೆಯನ್ನು ಕಾಯುತ್ತದೆ ಎಂಬ ತಿಳಿವಳಿಕೆ 1914ರಷ್ಟು ಹಿಂದೆಯೇ ವೈದ್ಯರಿಗಿತ್ತು. ಹಾಗಿದ್ದೂ ಅದು ಪಂದ್ಯದ ಸವಾರನಿಂದ ಸೈನಿಕನಿಗೆ, ಸೈನಿಕನಿಂದ ದಿನನಿತ್ಯದ ಸವಾರನಿಗೆ, ಅವನಿಂದ ಹಿಂಬದಿಯಲ್ಲಿ ಕುಳಿತವರಿಗೆ, ಕಟ್ಟಕಡೆಗೆ ಮಕ್ಕಳಿಗೆ ತಲುಪಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಇಷ್ಟು ತಡವಾದದ್ದಕ್ಕೆ ವಿಜ್ಞಾನದ ಕೊರತೆ ಕಾರಣವಲ್ಲ. ಯಾರ ತಲೆ ಕಾಯಲು ಯೋಗ್ಯ ಎಂಬುದರಲ್ಲಿ ಸಮಾಜಗಳಿಗಿದ್ದ ಹಿಂಜರಿಕೆಯೇ ಕಾರಣ.

ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ 1907ರಲ್ಲಿ ಆರಂಭವಾದ ಬ್ರೂಕ್‌ಲ್ಯಾಂಡ್ಸ್ ಎಂಬ ಓಟದ ಪಥದಲ್ಲಿ ಎರಿಕ್ ಗಾರ್ಡ್ನರ್ ಎಂಬ ವೈದ್ಯರು ಸೇವೆಯಲ್ಲಿದ್ದರು. ಬಿದ್ದ ಸವಾರರಲ್ಲಿ ಪದೇಪದೇ ತಲೆಯ ಗಾಯಗಳನ್ನೇ ಕಂಡ ಅವರು, ಕ್ಯಾನ್ವಾಸ್ ಬಟ್ಟೆಯ ಪದರಗಳಿಗೆ ಅರಗನ್ನು ಲೇಪಿಸಿ ಗಟ್ಟಿಗೊಳಿಸಿದ ಟೊಪ್ಪಿಗೆಯೊಂದನ್ನು ಮಾಡಿಸಿದರು. ಅರಗು ಒಣಗಿದ ಮೇಲೆ ಬಟ್ಟೆ ಹಲಗೆಯಂತೆ ಬಿರುಸಾಗಿ, ನೇರ ಹೊಡೆತವನ್ನು ಒಂದೇ ಕಡೆ ನಾಟಗೊಡದೆ ಅಗಲಕ್ಕೆ ಹಂಚುತ್ತಿತ್ತು. ಅದರ ಹೊರಮೈ ನುಣುಪಾಗಿದ್ದುದರಿಂದ ತಲೆ ನೆಲಕ್ಕೆ ಕಚ್ಚಿಕೊಳ್ಳದೆ ಜಾರುತ್ತಿತ್ತು. ಮೋಟಾರ್ ಸೈಕಲ್ ಪಂದ್ಯಗಳನ್ನು ನಿಯಂತ್ರಿಸುತ್ತಿದ್ದ ಒಕ್ಕೂಟ ಮೊದಮೊದಲು ಇದನ್ನು ಒಪ್ಪದಿದ್ದರೂ, 1914ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಟೂರಿಸ್ಟ್ ಟ್ರೋಫಿ ಪಂದ್ಯಕ್ಕೆ ಇಂಥ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿತು. ಆದರೆ ಅದು ಪಂದ್ಯದ ನಿಯಮವಾಗಿತ್ತೇ ಹೊರತು ರಸ್ತೆಯ ನಿಯಮವಾಗಿರಲಿಲ್ಲ. ವೇಗದ ಚಟಕ್ಕೆ ಬಿದ್ದವರಿಗಷ್ಟೇ ಅಪಾಯ, ಕೆಲಸಕ್ಕೆ ಹೋಗಿಬರುವವರಿಗೆ ಅಂಥದ್ದೇನೂ ಇಲ್ಲ ಎಂಬ ನಂಬಿಕೆ ಮುಂದಿನ ಹಲವು ದಶಕಗಳ ಕಾಲ ಉಳಿದುಬಂತು. ಅದರ ಛಾಯೆ ಇಂದಿಗೂ "ಇಲ್ಲೇ ಪಕ್ಕದ ಬೀದಿಗೆ ಹೋಗಿ ಬರುತ್ತೇನೆ" ಎಂಬ ಮಾತಿನಲ್ಲಿ ಕೇಳಿಸುತ್ತದೆ.

ಈ ನಂಬಿಕೆಯನ್ನು ವೈದ್ಯಕೀಯ ಲೆಕ್ಕದಿಂದ ಮೊದಲು ಅಲುಗಾಡಿಸಿದವರು ಆಸ್ಟ್ರೇಲಿಯಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್. 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್ 1935ರ ಮೇ 13ರಂದು ಡಾರ್ಸೆಟ್ ಪ್ರಾಂತದ ತಮ್ಮ ಮನೆಯ ಸಮೀಪದ ರಸ್ತೆಯಲ್ಲಿ ಬ್ರಫ್ ಸುಪೀರಿಯರ್ ಮೋಟಾರ್ ಸೈಕಲ್ಲಿನಲ್ಲಿ ಬರುತ್ತಿದ್ದಾಗ, ಎದುರಾದ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಆಯತಪ್ಪಿ ಬಿದ್ದರು. ತಲೆಗೆ ಪೆಟ್ಟಾಗಿ ಪ್ರಜ್ಞೆ ಮರಳದೆಯೇ ಮೇ 19ರಂದು ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ನೋಡಲು ಕರೆಸಿಕೊಂಡ ವೈದ್ಯರಲ್ಲಿ ಕೇರ್ನ್ಸ್ ಒಬ್ಬರು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ, ಸಂದೇಶ ಒಯ್ಯುವ ಸೈನಿಕ ಸವಾರರು ದೀಪವಾರಿಸಿದ ರಸ್ತೆಗಳಲ್ಲಿ ಬೀಳುತ್ತಿದ್ದಾಗ, ಕೇರ್ನ್ಸ್ ಸಾವುಗಳ ದಾಖಲೆಗಳನ್ನು ಕ್ರಮವಾಗಿ ಪರಿಶೀಲಿಸಿದರು. 1941ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮಂದಿ ಸವಾರರು ಮತ್ತು ಹಿಂಬದಿ ಸವಾರರು ಸತ್ತಿದ್ದರು. ಸಾವಿನ ಕಾರಣಗಳಲ್ಲಿ ತಲೆಯ ಗಾಯವೇ ಎಲ್ಲಕ್ಕಿಂತ ಮುಂದಿತ್ತು. ಅಪಘಾತಕ್ಕೀಡಾದಾಗ ಹೆಲ್ಮೆಟ್ ಧರಿಸಿದ್ದವರೆಂದು ಅವರಿಗೆ ಸಿಕ್ಕ ಪ್ರಕರಣಗಳು ಏಳೇ ಏಳು, ಆ ಏಳೂ ಮಂದಿ ಬದುಕಿದ್ದರು. ಏಳು ಎಂಬುದು ಯಾವ ಲೆಕ್ಕಕ್ಕೂ ಚಿಕ್ಕ ಸಂಖ್ಯೆ, ಕೇರ್ನ್ಸ್ ಅಷ್ಟಕ್ಕೇ ನಿಲ್ಲಲಿಲ್ಲ ಎಂಬುದೇ ಅವರ ದೊಡ್ಡತನ. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ಕರ್ತವ್ಯದಲ್ಲಿರುವ ತನ್ನ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿದ ನಂತರವೂ ಅವರು ಅಧ್ಯಯನವನ್ನು ಮುಂದುವರಿಸಿ, ಭೌತವಿಜ್ಞಾನಿ ಹೋಲ್ಬರ್ನ್ ಅವರೊಡನೆ 1943ರಲ್ಲಿ ಇನ್ನೊಂದು ಲೇಖನವನ್ನು, 1946ರಲ್ಲಿ ಸಾವುಗಳು ಇಳಿಮುಖವಾದುದನ್ನು ತೋರಿಸುವ ಮತ್ತೊಂದನ್ನು ಪ್ರಕಟಿಸಿದರು. ಅವರು ತೀರಿಕೊಂಡದ್ದು 1952ರಲ್ಲಿ. ಬ್ರಿಟನ್ನಿನ ಸಾಮಾನ್ಯ ಸವಾರನಿಗೆ ಹೆಲ್ಮೆಟ್ ಕಡ್ಡಾಯವಾದದ್ದು 1973ರಲ್ಲಿ.

ಹೋಲ್ಬರ್ನ್ ಅವರ ಕೊಡುಗೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಪೆಟ್ಟಿನಲ್ಲಿ ಕೆಡುವುದು ತಲೆಬುರುಡೆ ಮಾತ್ರವಲ್ಲ ಎಂಬುದನ್ನು ಅವರು ವಿವರಿಸಿದರು. ತಲೆ ತಟ್ಟನೆ ತಿರುಗಿದಾಗ ಒಳಗಿನ ಮೃದುವಾದ ಮಿದುಳು ಬುರುಡೆಯ ವೇಗಕ್ಕೆ ಹೊಂದಿಕೊಳ್ಳಲಾರದೆ ಹಿಂದುಳಿದು ತಿರುಚಿಕೊಳ್ಳುತ್ತದೆ, ಆದ್ದರಿಂದ ಹೊರಗೆ ಗಾಯವೇ ಕಾಣದಿದ್ದರೂ ಒಳಗೆ ಹಾನಿಯಾಗಿರಬಹುದು. ಗಟ್ಟಿ ಚಿಪ್ಪೊಂದೇ ಸಾಲದು, ಒಳಗೆ ಪೆಟ್ಟಿನ ಶಕ್ತಿಯನ್ನು ನುಂಗುವ ಪದರವೊಂದು ಬೇಕು ಎಂಬ ತಿಳಿವಳಿಕೆ ಯುದ್ಧಾನಂತರದ ಅಮೆರಿಕದಲ್ಲಿ ರೂಪ ಪಡೆಯಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೊಂಬಾರ್ಡ್ ಮತ್ತು ಅವರ ಸಹವರ್ತಿ ರಾತ್ ಇಂಥ ಪದರವಿರುವ ಹೆಲ್ಮೆಟ್ಟಿಗೆ 1953ರಲ್ಲಿ ಪೇಟೆಂಟ್ ಪಡೆದರು. ಇಂದಿನ ಹೆಲ್ಮೆಟ್ಟನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಹೊರಗೆ ಪ್ಲಾಸ್ಟಿಕ್ ಅಥವಾ ಗಾಜಿನ ನಾರಿನ ತೆಳು ಚಿಪ್ಪು, ಅದರೊಳಗೆ ಬೆರಳಿನಗಲದ ದಪ್ಪದಲ್ಲಿ ಒತ್ತಾಗಿ ಎರಕ ಹೊಯ್ದ ಬಿಳಿಯ ಥರ್ಮೋಕೋಲ್, ಅದರ ಮೇಲೆ ತಲೆಗೆ ತಾಗುವ ಸ್ಪಂಜು ಮತ್ತು ಬಟ್ಟೆ, ಚಿಪ್ಪಿಗೇ ಬಿಗಿದ ಗದ್ದದ ಪಟ್ಟಿ ಕಾಣುತ್ತವೆ. ಅಪಘಾತದಲ್ಲಿ ಥರ್ಮೋಕೋಲ್ ಜಜ್ಜಿಹೋಗುತ್ತದೆ. ಹಾಗೆ ಜಜ್ಜಿಹೋಗುವ ಕ್ಷಣಾರ್ಧದಲ್ಲಿಯೇ ತಲೆಯ ವೇಗ ತುಸು ನಿಧಾನವಾಗಿ ಇಳಿಯಲು ಸಮಯ ಸಿಗುತ್ತದೆ. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲವಾದ್ದರಿಂದ, ಹೊರಗೆ ಗೀರೂ ಇಲ್ಲದಂತೆ ಕಾಣುವ ಹೆಲ್ಮೆಟ್ ಕೂಡ ದೊಡ್ಡ ಪೆಟ್ಟು ತಿಂದ ಬಳಿಕ ಕೆಲಸಕ್ಕೆ ಬಾರದು.

ಎಲ್ಲ ಸವಾರರಿಗೂ ಕಾನೂನಿನ ಮೂಲಕ ಹೆಲ್ಮೆಟ್ ಕಡ್ಡಾಯ ಮಾಡಿದ ಮೊದಲ ಸರ್ಕಾರ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ್ದು. 1961ರ ಜನವರಿ 1ರಂದು ಆ ನಿಯಮ ಜಾರಿಗೆ ಬಂತು. ಅಮೆರಿಕದಲ್ಲಿ ಹೆದ್ದಾರಿಯ ಅನುದಾನಕ್ಕೆ ಷರತ್ತು ಹಾಕಿ 1967ರಿಂದ ಒಕ್ಕೂಟ ಸರ್ಕಾರ ಒತ್ತಡ ತಂದಾಗ ಬಹುತೇಕ ಎಲ್ಲ ರಾಜ್ಯಗಳೂ ಕಾನೂನು ಮಾಡಿದವು, 1976ರಲ್ಲಿ ಸಂಸತ್ತು ಆ ಒತ್ತಡವನ್ನು ಸಡಿಲಿಸಿದ್ದೇ ತಡ ಹಲವು ರಾಜ್ಯಗಳು ಕಾನೂನನ್ನು ಹಿಂತೆಗೆದುಕೊಂಡವು. ಪಡೆದ ರಕ್ಷಣೆಯೂ ಕೈಜಾರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗದು. ಬ್ರಿಟನ್ನಿನಲ್ಲಿ ಪೇಟ ಧರಿಸುವ ಸಿಖ್ಖರು ಕಾನೂನನ್ನು ಪ್ರತಿಭಟಿಸಿ ಹೋರಾಡಿದ ಫಲವಾಗಿ 1976ರಲ್ಲಿ ಅವರಿಗೆ ವಿನಾಯಿತಿ ನೀಡುವ ಕಾಯ್ದೆ ಬಂತು. ಪಶ್ಚಿಮ ಜರ್ಮನಿಯಲ್ಲಿ 1976ರಿಂದ ನಿಯಮವಿದ್ದರೂ ದಂಡವಿರಲಿಲ್ಲ. 1980ರಲ್ಲಿ ದಂಡ ಹಾಕತೊಡಗಿದ ಮೇಲೆ ಹೆಲ್ಮೆಟ್ ಧರಿಸುವವರು ಹೆಚ್ಚಿದರು, ಜೊತೆಗೆ ಯಾರೂ ಎಣಿಸದಂತೆ ಮೋಟಾರ್ ಸೈಕಲ್ ಕಳವೂ ಗಣನೀಯವಾಗಿ ಇಳಿಯಿತು. ಕದ್ದ ಗಾಡಿಯನ್ನು ಬರಿತಲೆಯಲ್ಲಿ ಓಡಿಸಿದವನು ಪೊಲೀಸರ ಕಣ್ಣಿಗೆ ಸುಲಭವಾಗಿ ಬೀಳುತ್ತಿದ್ದುದೇ ಇದಕ್ಕೆ ಕಾರಣ.

ಭಾರತದಲ್ಲಿ ಗಾಡಿ ಬಂದಷ್ಟು ಬೇಗ ಹೆಲ್ಮೆಟ್ ಬರಲಿಲ್ಲ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ ಜೋಡಣೆ ಆರಂಭವಾದರೆ, ಮೈಸೂರಿನ ಯಾದವಗಿರಿಯಲ್ಲಿ 1960ರ ದಶಕದ ಆರಂಭದಿಂದ ಐಡಿಯಲ್ ಜಾವಾ ಕಾರ್ಖಾನೆ ಜಾವಾ ಗಾಡಿಗಳನ್ನು, ಮುಂದೆ ಯೆಜ್ಡಿಗಳನ್ನು ತಯಾರಿಸಿ 1996ರವರೆಗೆ ಕರ್ನಾಟಕದ ಮಧ್ಯಮ ವರ್ಗದ ಎರಡು ತಲೆಮಾರುಗಳಿಗೆ ಮೋಟಾರ್ ಸೈಕಲ್ ಸವಾರಿಯನ್ನು ಕಲಿಸಿತು. ಆ ಕಾಲದಲ್ಲಿ ಹೊಸ ಗಾಡಿಗೆ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡಿಸುವ ಪದ್ಧತಿ ಮನೆಮನೆಗೂ ಗೊತ್ತಿತ್ತು. ಸುರಕ್ಷಿತವಾಗಿ ಮನೆ ಸೇರಬೇಕೆಂಬ ಹಂಬಲಕ್ಕೆ ಕೊರತೆಯಿರಲಿಲ್ಲ, ಆದರೆ ಆ ಹಂಬಲ ತಲೆಯ ಮೇಲಿನ ಚಿಪ್ಪಿನವರೆಗೆ ಇನ್ನೂ ಬಂದಿರಲಿಲ್ಲ. ಹೆಲ್ಮೆಟ್ ಕಡ್ಡಾಯಗೊಳಿಸುವ ವಿಧಿಯನ್ನು 1939ರ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ್ದು 1970ರ ದಶಕದ ತಿದ್ದುಪಡಿ. ಅದರ ವಿವರಗಳನ್ನು ನಿಯಮಗಳ ಮೂಲಕ ಗೊತ್ತುಪಡಿಸುವ ಹೊಣೆ ರಾಜ್ಯಗಳದ್ದಾಯಿತು. ಆಂಧ್ರಪ್ರದೇಶದ ಇಂಥ ನಿಯಮವನ್ನು ಪ್ರಶ್ನಿಸಿ, ಅದು ಸಂವಿಧಾನ ಕೊಟ್ಟ ಸಂಚಾರ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ವಾದಿಸಲಾದ ಅಜಯ್ ಕಾನು ಪ್ರಕರಣದಲ್ಲಿ, ಸವಾರನ ಸುರಕ್ಷಿತ ಪ್ರಯಾಣಕ್ಕಾಗಿಯೇ ಇರುವ ನಿಯಮ ಅವನ ಸಂಚಾರವನ್ನು ತಡೆದಂತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪಿತ್ತಿತು. ಅದೇ ವರ್ಷದ ಹೊಸ ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು, ಪೇಟ ಧರಿಸಿದ ಸಿಖ್ಖರನ್ನು ಬಿಟ್ಟು, ಗಾಡಿ ಓಡಿಸುವವರೂ ಹಿಂದೆ ಕುಳಿತವರೂ ಶಿರಸ್ತ್ರಾಣ ಧರಿಸಬೇಕೆಂದು ಹೇಳಿತು. ಜೊತೆಗೇ, ತಮಗೆ ಸರಿಕಂಡ ವಿನಾಯಿತಿಗಳನ್ನು ನೀಡುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು.

ಹಿಂಬದಿ ಸವಾರರ ತಲೆ ದಶಕಗಳ ಕಾಲ ಕಣ್ಣಿಗೆ ಬೀಳದೆ ಹೋದದ್ದು ವಿನಾಯಿತಿಯ ಈ ಬಾಗಿಲಿನಿಂದಲೇ. ಹಿಂದೆ ಕುಳಿತುಕೊಳ್ಳುತ್ತಿದ್ದವರು ಹೆಚ್ಚಾಗಿ ಹೆಂಗಸರು. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು ಕೂರುವುದರಿಂದ ಅವರ ಆಯ ಮೊದಲೇ ದುರ್ಬಲ, ತುರುಬಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಮುಡಿದ ಹೂವು ನಲುಗುತ್ತದೆ ಎಂಬ ಮಾತುಗಳು ಬೇರೆ. ದೆಹಲಿಯಲ್ಲಿ 1990ರ ದಶಕದ ಕೊನೆಯಲ್ಲಿ ಹೆಂಗಸರಿಗೆ ಹೆಲ್ಮೆಟ್ ಐಚ್ಛಿಕವೆಂದು ನಿಯಮವೇ ಆಗಿ, 2014ರಲ್ಲಷ್ಟೇ ಸಿಖ್ ಮಹಿಳೆಯರನ್ನು ಬಿಟ್ಟು ಉಳಿದವರಿಗೆ ಅದು ಕಡ್ಡಾಯವಾಯಿತು. ಕೇಂದ್ರದ 1989ರ ನಿಯಮಗಳು ಹಿಂದೆ ಕುಳಿತವರಿಗೆ ಹಿಡಿಕೆ, ಕಾಲಿಡುವ ಮೆಟ್ಟು, ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಕ, ಅಂದರೆ ಜನರ ಮಾತಿನ ಸೀರೆ ಗಾರ್ಡ್, ಇರಲೇಬೇಕೆಂದು ವಿಧಿಸಿದ್ದವು. ಅದನ್ನು ಕಂಪನಿಗಳು ಗಾಡಿಗೇ ಬಿಗಿದು ಕೊಟ್ಟದ್ದರಿಂದ ಎಷ್ಟೋ ಜೀವಗಳು ಉಳಿದಿರಬೇಕು. ದ್ವಿಚಕ್ರ ವಾಹನದ ಜೊತೆಗೆ ತಯಾರಕರು ಹೆಲ್ಮೆಟ್ಟನ್ನೂ ಕೊಡಬೇಕೆಂದು ಅವೇ ನಿಯಮಗಳಲ್ಲಿತ್ತು, ಆದರೆ ಕೊಡಬೇಕಾಗಿದ್ದದ್ದು ಒಂದೇ. ಕುಟುಂಬದ ವಾಹನವಾಗಿಯೇ ಮಾರಾಟವಾಗುತ್ತ ಬಂದ ಗಾಡಿಯಲ್ಲಿ ಎರಡನೆಯ ತಲೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಈ ಏರ್ಪಾಡು ನ್ಯಾಯವಾದುದಾಗಿರಲಿಲ್ಲ. ಬೆಂಗಳೂರಿನಲ್ಲಿ 2006ರ ಕೊನೆಯಲ್ಲಿ ಓಡಿಸುವವರಿಗೆ ಹೆಲ್ಮೆಟ್ ಕಟ್ಟುನಿಟ್ಟಾಗಿ ಜಾರಿಯಾಯಿತು. ಹಿಂಬದಿ ಸವಾರರಿಗೆ ಜಾರಿಯಾದದ್ದು 2016ರ ಜನವರಿಯಲ್ಲಿ, ಅಂದರೆ ಕಾಯ್ದೆ ಪಾಸಾದ ಇಪ್ಪತ್ತೇಳು ವರ್ಷಗಳ ಮೇಲೆ. ನೆರೆರಾಜ್ಯದ ಪುಣೆಯಲ್ಲಿ 2019ರ ಜನವರಿಯಲ್ಲಿ ಕೂಡ ಹೆಲ್ಮೆಟ್ ಕಡ್ಡಾಯದ ವಿರುದ್ಧ ಜನ ಬೀದಿಗಿಳಿದಿದ್ದರು.

ಈ ವಿಳಂಬದ ಬೆಲೆ ಎಷ್ಟೆಂಬುದನ್ನು ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ಹೇಳುತ್ತದೆ. ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ದ್ವಿಚಕ್ರ ವಾಹನದವರ ಪಾಲು ಶೇ. 44.5, ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಅಷ್ಟೂ ಮಂದಿ ಹೆಲ್ಮೆಟ್ ಇದ್ದಿದ್ದರೆ ಉಳಿಯುತ್ತಿದ್ದರೆಂದು ಹೇಳಲಾಗದು; ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ. 42ರಷ್ಟು, ತಲೆಯ ಗಾಯದ ಅಪಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆ. ಈ ಲಾಭ ಸಿಗುವುದು ಸರಿಯಾದ ಹೆಲ್ಮೆಟ್ಟನ್ನು ಸರಿಯಾಗಿ ಕಟ್ಟಿಕೊಂಡಾಗ ಮಾತ್ರ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಹಾಫ್ ಹೆಲ್ಮೆಟ್ ಪೊಲೀಸರ ಕಣ್ಣಿಗೆ ಹೆಲ್ಮೆಟ್ಟಿನಂತೆ ಕಾಣಲೆಂದೇ ಹುಟ್ಟಿಕೊಂಡ ಸರಕು. ಅಂಥ ಎಷ್ಟೋ ಹೆಲ್ಮೆಟ್ಟುಗಳಲ್ಲಿ ಪೆಟ್ಟು ನುಂಗುವ ಪದರವೇ ಇಲ್ಲದೆ ಚಿಪ್ಪಿಗೆ ಸ್ಪಂಜು ಅಂಟಿಸಿರುತ್ತದೆ, ಕಿವಿಯ ಮೇಲ್ಭಾಗ ಮತ್ತು ತಲೆಯ ಹಿಂಭಾಗ ಬಯಲಾಗಿಯೇ ಉಳಿಯುತ್ತವೆ. ಗದ್ದದ ಪಟ್ಟಿಯನ್ನು ಸಡಿಲ ಬಿಟ್ಟರೆ ಒಳ್ಳೆಯ ಹೆಲ್ಮೆಟ್ ಕೂಡ ಸವಾರನಿಗಿಂತ ಮೊದಲೇ ಹಾರಿ ದೂರ ಬೀಳುತ್ತದೆ. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟಿನ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸುವ ಆದೇಶ 2021ರ ಜೂನ್ 1ರಿಂದ ಜಾರಿಯಲ್ಲಿದೆ. ದಂಡದ ಭಾರ ಸವಾರನ ಮೇಲೆ ಬೀಳುವಷ್ಟು ತೂಕವಾಗಿ ಮಾರಾಟಗಾರನ ಮೇಲೆ ಬೀಳುತ್ತಿಲ್ಲ ಎಂಬುದು ಯಾವ ನಗರದ ವೃತ್ತದಲ್ಲಿ ನಿಂತವರಿಗೂ ಕಾಣುತ್ತದೆ.

ಈ ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಬಂದವರು ಮಕ್ಕಳು. ಟ್ಯಾಂಕಿನ ಮೇಲೆ ಒಂದು, ಗಂಡಹೆಂಡಿರ ನಡುವೆ ಇನ್ನೊಂದು ಎಂಬಂತೆ ಕೂತು ಶಾಲೆಗೆ ಹೋಗುವ ಮಕ್ಕಳ ತಲೆಯನ್ನು ಕಾನೂನು ಹೆಸರಿಟ್ಟು ಕರೆದದ್ದು 2019ರ ತಿದ್ದುಪಡಿಯಲ್ಲಿ: ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕೂ ಚಿಕ್ಕವರಿಗಾಗಿ 2022ರ ಫೆಬ್ರುವರಿಯಲ್ಲಿ ಹೊರಟು ಒಂದು ವರ್ಷದ ಬಳಿಕ ಜಾರಿಗೆ ಬಂದ ನಿಯಮದ ಪ್ರಕಾರ, ನಾಲ್ಕು ವರ್ಷದೊಳಗಿನ ಮಗುವನ್ನು ಹಿಂದೆ ಕೂರಿಸಿಕೊಂಡಾಗ ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರ್ ಮೀರಕೂಡದು. ಮಗುವಿಗೆ ಅಂಗಿಯಂತೆ ತೊಡಿಸುವ ಸುರಕ್ಷಾ ಕವಚದ ಪಟ್ಟಿಗಳು ಓಡಿಸುವವರ ಹೆಗಲಿಗೆ ಸೇರಿರಬೇಕು, ಆ ಕವಚ 30 ಕಿಲೋ ಭಾರವನ್ನು ತಾಳುವಂತಿರಬೇಕು. ಒಂಬತ್ತು ತಿಂಗಳು ಮೀರಿದ ಮಗುವಿಗೆ ಹೆಲ್ಮೆಟ್ಟೂ ಬೇಕು, ಆದರೆ ಅಷ್ಟು ಚಿಕ್ಕ ತಲೆಗೆ ಹೊಂದುವ ಮೋಟಾರ್ ಸೈಕಲ್ ಹೆಲ್ಮೆಟ್ಟಿಗೆ ಭಾರತೀಯ ಮಾನಕ ಇನ್ನೂ ಗೊತ್ತುಪಡಿಸಿರಲಿಲ್ಲವಾದ್ದರಿಂದ, ಅದು ಸಿದ್ಧವಾಗುವವರೆಗೆ ವಿದೇಶಿ ಮಾನಕಕ್ಕೆ ಒಪ್ಪುವ ಸೈಕಲ್ ಹೆಲ್ಮೆಟ್ಟನ್ನು ತೊಡಿಸಿದರೂ ಸಾಕೆಂದು ನಿಯಮ ಅವಕಾಶ ಕೊಟ್ಟಿತು.