ಜಿಮ್ನಾಸ್ಟಿಕ್ಸ್: ಅಂಕಗಳ ಲೆಕ್ಕ, ಕೋಲಾರದ ಮಕ್ಕಳ ದಾರಿ

ದೇಹದ ಬಲ, ಸಮತೋಲನ ಹಾಗೂ ಲಯವನ್ನು ಒರೆಗೆ ಹಚ್ಚುವ ಸ್ಪರ್ಧಾ ಕ್ರೀಡೆ ಜಿಮ್ನಾಸ್ಟಿಕ್ಸ್. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಇದಕ್ಕೆ ಸ್ಥಾನವಿತ್ತು. ಮಹಿಳೆಯರಿಗೆ ಅವಕಾಶ ದೊರೆತದ್ದು 1928ರಲ್ಲಿ. ಕಲಾತ್ಮಕ ವಿಭಾಗದಲ್ಲಿ ಪುರುಷರಿಗೆ ಆರು, ಮಹಿಳೆಯರಿಗೆ ನಾಲ್ಕು ಬಗೆಯ ಕಸರತ್ತುಗಳಿವೆ. ಮಹಿಳೆಯರ ಸಮತೋಲನ ದಂಡದ ಅಗಲ ಕೇವಲ 10 ಸೆಂಟಿಮೀಟರ್.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ನಾದಿಯಾ ಕೊಮನೆಚಿ ಪೂರ್ಣ 10 ಅಂಕ ಗಳಿಸಿದರು. 2006ರಲ್ಲಿ ಆ ಪದ್ಧತಿ ಬದಲಾಯಿತು. ಈಗ ಕಸರತ್ತಿನ ಕಠಿಣತೆಗೆ ಒಂದು ಅಂಕ. ತಪ್ಪುಗಳಿಗಾಗಿ 10ರಿಂದ ಕಳೆದು ಉಳಿದದ್ದು ಇನ್ನೊಂದು. ಎರಡರ ಮೊತ್ತವೇ ಫಲಿತಾಂಶ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ ತ್ರಿಪುರಾದ ದೀಪಾ ಕರ್ಮಾಕರ್ 15.066 ಅಂಕಗಳೊಂದಿಗೆ ನಾಲ್ಕನೆಯವರಾದರು. ಕಂಚು ಕೈತಪ್ಪಿದ್ದು 0.150 ಅಂಕದಿಂದ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ವಿದ್ಯಾರ್ಥಿಗಳಿಗೆ ಈ ಕ್ರೀಡೆಯ ಹೆಬ್ಬಾಗಿಲು ಶಾಲಾ ಕ್ರೀಡಾಕೂಟ. ಜಿಲ್ಲೆಯಿಂದ ಆಯ್ಕೆಯಾದವರು ಬೆಂಗಳೂರು ವಿಭಾಗವನ್ನು ದಾಟಿ ರಾಜ್ಯ ಮಟ್ಟ ತಲುಪಬೇಕು. ಕಬಡ್ಡಿಗೆ ಒಂದು ಅಂಕಣ ಸಾಕು. ಇಲ್ಲಿ ಮೃದು ಹಾಸು, ಸಲಕರಣೆ, ಬೀಳುವಾಗ ಹಿಡಿಯಬಲ್ಲ ತರಬೇತುದಾರ ಬೇಕು. ಅವಿಲ್ಲದ ಊರಿನ ಮಗು ಕಠಿಣ ಕಸರತ್ತಿಗೆ ಕೈಹಾಕಲಾರದು. ಸ್ಪರ್ಧೆಗೆ ಇಳಿಯುವ ಮುನ್ನವೇ ಅದು ಆ ಪಾಲಿನ ಅಂಕವನ್ನು ಕಳೆದುಕೊಂಡಿರುತ್ತದೆ.