ದಾರ ಹರಿಯಲಿ, ಬಟ್ಟೆ ಉಳಿಯಲಿ: ಹೊಲಿಗೆ ದಾರದ ಇನ್ನೂರು ವರ್ಷದ ಕತೆ

1/7

ಫೋಟೋದಲ್ಲಿರೋ ಕುಪ್ಪಸ ನಮ್ಮಜ್ಜಿದು. ರೇಷ್ಮೆ, ಅಂಚಿಗೆ ಸಣ್ಣ ಜರಿ. ಝೂಮ್ ಮಾಡಿ ಬಲಗಡೆ ಹೊಲಿಗೆ ನೋಡಿ. ದಾರ ಒಂದು ಕಡೆನೂ ಹರಿದಿಲ್ಲ. ಆದ್ರೆ ದಾರದ ಪಕ್ಕದಲ್ಲೇ, ಬ್ಲೇಡಿನಲ್ಲಿ ಗೆರೆ ಎಳೆದ ಹಾಗೆ, ಬಟ್ಟೆ ಸೀಳಿಹೋಗಿದೆ.

ಇದು ನಾನೇ ಮಾಡಿದ ಕೆಲಸ. ಕಾಲೇಜಿನ ಎಥ್ನಿಕ್ ಡೇಗೆ ಹಾಕ್ಕೊಳ್ಳೋಣ ಅಂತ ಕುಪ್ಪಸ ಸ್ವಲ್ಪ ಬಿಗಿ ಮಾಡಿದೆ. ಮನೇಲಿದ್ದದ್ದು ಬ್ಯಾಗ್ ಹೊಲಿಯೋಕೆ ತಂದಿದ್ದ ದಪ್ಪ ಪಾಲಿಯೆಸ್ಟರ್ ದಾರ. ಬಣ್ಣ ಹೊಂದ್ತಿತ್ತು, ಗಟ್ಟಿಯಾಗಿತ್ತು, ಇನ್ನೇನು ಬೇಕು ಅಂದ್ಕೊಂಡೆ. ಬಿಚ್ಚದೇ ಇರಲಿ ಅಂತ ಹೊಲಿಗೆನೂ ಒತ್ತೊತ್ತಾಗಿ ಹಾಕಿದೆ. ಮಧ್ಯಾಹ್ನ ಗ್ರೂಪ್ ಫೋಟೋಗೆ ಕೈ ಎತ್ತಿದಾಗ ‘ಪರ್’ ಅಂತು.

ನಮ್ಮ ಬೀದಿಯ ಟೈಲರ್ ಅಕ್ಕ ಅದನ್ನ ಬೆಳಕಿಗೆ ಹಿಡಿದು ನೋಡಿ ಹೇಳಿದ್ದು ಇಷ್ಟೇ: “ಹೊಲಿಗೆ ಬಿಟ್ಟಿದ್ರೆ ಐದು ನಿಮಿಷದಲ್ಲಿ ಹಾಕ್ಕೊಡ್ತಿದ್ದೆ ಕಣಮ್ಮ. ಬಟ್ಟೆನೇ ಹೋದ್ರೆ ಏನ್ ಮಾಡ್ಲಿ? ದಾರ ಯಾವಾಗ್ಲೂ ಬಟ್ಟೆಗಿಂತ ಒಂದು ಕೈ ಕಮ್ಮಿನೇ ಇರ್ಬೇಕು.”

ಗಟ್ಟಿ ದಾರ ಅಂದ್ರೆ ಒಳ್ಳೆ ದಾರ ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ ಅಲ್ವಾ? ಆದ್ರೆ ಅಂಗಡಿಯ ಗಾಜಿನ ಡಬ್ಬಿಯಲ್ಲಿರೋ ಒಂದೊಂದು ಬಗೆಯ ದಾರವೂ ಯಾವುದೋ ಕಾಲದ ಯಾವುದೋ ಸಮಸ್ಯೆಗೆ ಉತ್ತರವಾಗಿ ಹುಟ್ಟಿದ್ದು. ಆ ಸಮಸ್ಯೆ ಏನಿತ್ತು ಅಂತ ಗೊತ್ತಾದ್ರೆ, ಯಾವ ಬಟ್ಟೆಗೆ ಯಾವ ದಾರ ಅನ್ನೋದು ಬಾಯಿಪಾಠ ಮಾಡೋ ಅಗತ್ಯನೇ ಇಲ್ಲ. ಈ ಸರಣಿ ಅದಕ್ಕೇ.

2/7

ಮೊದಲು ಎರಡು ನೂರು ವರ್ಷ ಹಿಂದಕ್ಕೆ, ಯುರೋಪಿಗೆ ಹೋಗೋಣ.

ಆಗ ಅಲ್ಲಿ ಹೊಲಿಗೆಗೆ ಮುಖ್ಯವಾಗಿ ಎರಡು ದಾರ: ಅಗಸೆ ನಾರಿನಿಂದ ಮಾಡಿದ ಲಿನನ್ ದಾರ, ಮತ್ತು ರೇಷ್ಮೆ ದಾರ. ಒರಟು ಬಟ್ಟೆ, ಚಪ್ಪಲಿ, ಪುಸ್ತಕದ ಬೈಂಡಿಂಗ್‌ಗೆ ಲಿನನ್. ನಯವಾದ ಬಟ್ಟೆಗೆ ರೇಷ್ಮೆ.

ರೇಷ್ಮೆ ಯಾಕೆ ಅಷ್ಟು ನಯ? ರಾಮನಗರದ ಕಡೆಯವರಿಗೆ ಇದು ಹೇಳ್ಬೇಕಾಗಿಲ್ಲ. ಒಂದೇ ಗೂಡಿನಿಂದ ನೂರಾರು ಮೀಟರ್, ಕೆಲವೊಮ್ಮೆ ಸಾವಿರ ಮೀಟರಿಗೂ ಹೆಚ್ಚು ಉದ್ದದ ಒಂದೇ ಎಳೆ ಬಿಚ್ಚಿಕೊಳ್ಳುತ್ತೆ. ಹತ್ತಿಯ ನಾರು ಎರಡು ಮೂರು ಸೆಂಟಿಮೀಟರ್ ಅಷ್ಟೇ. ಅಂಥ ಲಕ್ಷಾಂತರ ತುಂಡುಗಳನ್ನ ಹುರಿ ಹಾಕಿ ಒಂದಕ್ಕೊಂದು ಹಿಡಿಸಿದ್ರೆ ಹತ್ತಿ ದಾರ. ಪ್ರತಿ ತುಂಡಿನ ತುದಿಯೂ ಸ್ವಲ್ಪ ಹೊರಗೆ ಇಣುಕುತ್ತೆ. ದಾರ ಬೆಳಕಿಗೆ ಹಿಡಿದ್ರೆ ಕಾಣೋ ಜುಂಗು ಅದೇ.

ಹಾಗಾಗಿ ನಯವಾದ ಕೆಲಸಕ್ಕೆ ರೇಷ್ಮೆನೇ ಬೇಕಿತ್ತು. 1806ರ ನವೆಂಬರ್‌ನಲ್ಲಿ ನೆಪೋಲಿಯನ್ ಬರ್ಲಿನ್‌ನಿಂದ ಒಂದು ಆಜ್ಞೆ ಹೊರಡಿಸಿದ: ಬ್ರಿಟನ್ ಜೊತೆ ಯುರೋಪಿನ ಯಾರೂ ವ್ಯಾಪಾರ ಮಾಡೋ ಹಾಗಿಲ್ಲ. ಪಠ್ಯಪುಸ್ತಕದಲ್ಲಿ ‘ಭೂಖಂಡ ದಿಗ್ಬಂಧನ’ ಅಂತ ಎರಡು ಅಂಕದ ಪ್ರಶ್ನೆಗೆ ಓದಿರ್ತೀರಿ. ಆ ಎರಡು ಅಂಕದ ಆಜ್ಞೆ ಸ್ಕಾಟ್ಲೆಂಡಿನ ಒಂದು ನೇಕಾರರ ಊರಿಗೆ ರೇಷ್ಮೆ ಬರೋದನ್ನ ನಿಲ್ಲಿಸಿತು. ಊರಿನ ಹೆಸರು ಪೈಸ್ಲಿ.

3/7

ಪೈಸ್ಲಿ ಅಂದ ಕೂಡಲೇ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಸೀರೆಗಳಲ್ಲಿರೋ ಮಾವಿನಕಾಯಿ ಡಿಸೈನಿಗೆ ಇಂಗ್ಲಿಷಿನಲ್ಲಿ ಪೈಸ್ಲಿ ಅಂತಾರೆ. ಕಾಶ್ಮೀರದ ಶಾಲುಗಳನ್ನ ನೋಡಿ, ಅದೇ ವಿನ್ಯಾಸವನ್ನ ಮಗ್ಗದಲ್ಲಿ ನೇಯ್ದು ಮಾರಿ ಆ ಊರು ಹೆಸರು ಮಾಡಿತು. ಕೊನೆಗೆ ವಿನ್ಯಾಸಕ್ಕೇ ಊರಿನ ಹೆಸರು ಅಂಟಿಕೊಂಡ್ತು. ಕಾಶ್ಮೀರದ ಹೆಸರು ಹಿಂದೆ ಬಿತ್ತು.

ಅಲ್ಲಿನ ಮಗ್ಗಗಳಲ್ಲಿ ಹಾಸಿನ ಎಳೆಗಳನ್ನ ಎತ್ತಿ ಇಳಿಸೋಕೆ ರೇಷ್ಮೆ ದಾರದ ಕುಣಿಕೆಗಳಿದ್ವು. ಎಳೆ ಅದರೊಳಗೆ ದಿನಕ್ಕೆ ಸಾವಿರಾರು ಸಲ ಉಜ್ಜುತ್ತೆ, ಆದ್ದರಿಂದ ನಯವಾಗಿರಲೇಬೇಕು. ರೇಷ್ಮೆ ನಿಂತ ಮೇಲೆ ಪ್ಯಾಟ್ರಿಕ್ ಕ್ಲಾರ್ಕ್ ಅನ್ನೋರು ಹತ್ತಿಯನ್ನೇ ಬಿಗಿಯಾಗಿ ಹುರಿ ಹಾಕಿ ರೇಷ್ಮೆಯಷ್ಟು ನಯವಾದ ದಾರ ಮಾಡಿದ್ರು. ಮಗ್ಗಕ್ಕೆ ಆಗೋದು ಸೂಜಿಗೂ ಆಗುತ್ತಲ್ವಾ? 1812ರಲ್ಲಿ ಕ್ಲಾರ್ಕ್ ಸಹೋದರರು ಹೊಲಿಗೆ ದಾರಕ್ಕೇ ಪೈಸ್ಲಿಯಲ್ಲಿ ಕಾರ್ಖಾನೆ ಹಾಕಿದ್ರು.

ಹತ್ತಿ ದಾರದಲ್ಲಿ ಹೊಲಿಯೋದು ಅವರು ಕಂಡುಹಿಡಿದದ್ದಲ್ಲ. ನಮ್ಮ ಕಡೆ ಹತ್ತಿ ಬಟ್ಟೆಗೆ ಹತ್ತಿ ನೂಲು ಎಷ್ಟೋ ಕಾಲದಿಂದ ಇತ್ತು. ಅಮೆರಿಕದಲ್ಲಿ ಹ್ಯಾನಾ ಸ್ಲೇಟರ್ ಕೂಡ 1793ರ ಸುಮಾರಿಗೇ ಹತ್ತಿ ಹೊಲಿಗೆ ದಾರ ಮಾಡಿದ್ರು. ಪೈಸ್ಲಿ ಮಾಡಿದ್ದು ಅದನ್ನ ಲೋಕದ ತುಂಬ ಮಾರೋ ಸರಕಾಗಿಸಿದ್ದು.

ಒಂದು ಪುಟ್ಟ ವಿಷಯ ನನಗೆ ತುಂಬ ಇಷ್ಟ. ಆಗ ದಾರ ಲಡಿಯಲ್ಲಿ ಬರ್ತಿತ್ತು, ಮನೇಲಿ ಬಿಡಿಸೋಕೆ ಹೋದ್ರೆ ಸಿಕ್ಕಾಗೋದು. ಕ್ಲಾರ್ಕ್ ಅಂಗಡಿಯಲ್ಲಿ ಮರದ ರೀಲಿಗೆ ಸುತ್ತಿ ಕೊಡ್ತಿದ್ರು. ರೀಲಿಗೆ ಅರ್ಧ ಪೆನ್ನಿ ಜಾಸ್ತಿ. ಖಾಲಿ ರೀಲು ವಾಪಸ್ ಕೊಟ್ರೆ ದುಡ್ಡು ವಾಪಸ್. ನಮ್ಮ ಸೋಡಾ ಬಾಟಲಿ ಲೆಕ್ಕವೇ!

4/7

ಕೈಹೊಲಿಗೆಗೆ ಈ ದಾರ ಸಾಕಿತ್ತು. 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಹೊಲಿಗೆ ಮಷೀನಿಗೆ ಪೇಟೆಂಟ್ ತಗೊಂಡ್ರು. ಮಷೀನ್ ಬಂತು, ದಾರ ಹರಿಯೋಕೆ ಶುರುವಾಯ್ತು.

ಯಾಕೆ? ಕೈಯಲ್ಲಿ ಹೊಲಿದಾಗ ದಾರ ಬಟ್ಟೆಯೊಳಗೆ ನಿಧಾನವಾಗಿ ಹೋಗುತ್ತೆ. ಮಷೀನಿನಲ್ಲಿ ದಾರದ ಒಂದೇ ಜಾಗ ಹೊಲಿಗೆಯಾಗಿ ಕೂರೋ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹಿಂದೆ ಮುಂದೆ ಓಡಾಡುತ್ತೆ. ಹಳೇ ದಾರ ಮೂರೆಳೆಯದು, ಮೇಲೆ ಗಂಜಿಯಂಥ ಹೊಳಪು ಲೇಪ. ದಪ್ಪ ಒಂದೇ ಸಮ ಇರ್ಲಿಲ್ಲ, ಬಾಗೋದೂ ಕಮ್ಮಿ.

1860ರ ದಶಕದಲ್ಲಿ ಕ್ಲಾರ್ಕ್ ಮನೆತನದ ಜಾರ್ಜ್ ಕ್ಲಾರ್ಕ್ ಅಮೆರಿಕದಲ್ಲಿ ಆರೆಳೆಯ ಮೃದು ದಾರ ತಂದ್ರು. ಎರಡೆರಡು ಎಳೆ ಸೇರಿಸಿ ಹುರಿ ಹಾಕೋದು, ಅಂಥ ಮೂರನ್ನ ಸೇರಿಸಿ ಮತ್ತೆ ಹುರಿ ಹಾಕೋದು. ಒಂದು ಎಳೆಯ ತೆಳು ಜಾಗವನ್ನ ಇನ್ನೊಂದು ಮುಚ್ಚುತ್ತೆ, ದಾರ ದುಂಡಗೆ ಒಂದೇ ಸಮ ಬರುತ್ತೆ. ‘ನಮ್ಮ ಹೊಸ ದಾರ’ ಅನ್ನೋ ಅರ್ಥದ ಮೂರು ಇಂಗ್ಲಿಷ್ ಅಕ್ಷರ, ಓ-ಎನ್-ಟಿ, ಹಾಕಿ ಮಾರಿದ್ರು.

ಇಲ್ಲಿಂದ ನಮಗೆ ಬೇಕಾದ ಪಾಠ: ಕೈಹೊಲಿಗೆಗೆ ಅಂತ ಲೇಪ ಹಚ್ಚಿ ಬರೋ ದಾರವನ್ನ ಮಷೀನಿಗೆ ಹಾಕಬೇಡಿ. ಕಸೂತಿಗೆ ತಗೊಳ್ಳೋ ಆರೆಳೆ ಲಡಿ ದಾರವೂ ಬೇಡ. ಅದು ಎಳೆ ಬಿಡಿಸಿಕೊಂಡು ಬಳಸೋಕೆ ಸಡಿಲವಾಗಿ ಮಾಡಿದ್ದು. ಆರೆಳೆ ಅಂದ ಮಾತ್ರಕ್ಕೆ ಎರಡೂ ಒಂದೇ ಅಲ್ಲ.

ಅಂದ ಹಾಗೆ ಅಮ್ಮನ ಕಸೂತಿ ಡಬ್ಬಿಯಲ್ಲಿ ‘ಆಂಕರ್’ ದಾರ ಇದ್ಯಾ ನೋಡಿ. ಆ ಲಂಗರು ಕ್ಲಾರ್ಕ್ ಮನೆಯ ಗುರುತು. ಪೈಸ್ಲಿಯಲ್ಲೇ ಇದ್ದ ಅವರ ಪೈಪೋಟಿದಾರರು ಕೋಟ್ಸ್ ಮನೆತನ. 1896ರಲ್ಲಿ ಎರಡೂ ಒಂದಾದ್ವು. 1974ರಲ್ಲಿ ಕೋಟ್ಸ್‌ನ ಭಾರತದ ಕಂಪನಿ ಮದುರೆಯ ಗಿರಣಿಗಳ ಜೊತೆ ಸೇರಿ ‘ಮಧುರಾ ಕೋಟ್ಸ್’ ಆಯ್ತು. ಆ ಹೆಸರಿನ ಅರ್ಧ ಮದುರೆ, ಅರ್ಧ ಪೈಸ್ಲಿ!

5/7

ಈಗ ಹೊಳಪಿನ ಕತೆ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಯನ್ನ ಕಾಸ್ಟಿಕ್ ಸೋಡಾದಲ್ಲಿ ಅದ್ದಿದಾಗ ನಾರು ಉಬ್ಬಿ ಗಟ್ಟಿಯಾಯ್ತು, ಬಣ್ಣವನ್ನೂ ಚೆನ್ನಾಗಿ ಹೀರ್ತು. ಆದ್ರೆ ಬಟ್ಟೆ ಕುಗ್ಗಿಹೋಗ್ತಿತ್ತು, ಯಾರೂ ಕೊಳ್ಳಲಿಲ್ಲ. 1890ರಲ್ಲಿ ಹೊರೇಸ್ ಲೋವ್ ಅದನ್ನೇ ಎಳೆದು ಹಿಡಿದು ಮಾಡಿದ್ರು. ಕುಗ್ಗೋದು ನಿಂತಿತು, ಜೊತೆಗೆ ರೇಷ್ಮೆಯಂಥ ಹೊಳಪು ಬಂತು. ರೀಲಿನ ಮೇಲೆ ‘ಮರ್ಸರೈಸ್ಡ್’ ಅಂತ ಇರೋದು ಇದೇ. ಹತ್ತಿ ಚೂಡಿದಾರ್, ಕಾಟನ್ ಸೀರೆಯ ಬ್ಲೌಸ್‌ಗೆ ಹೇಳಿ ಮಾಡಿಸಿದ್ದು.

ರೀಲಿನ ಮೇಲಿನ ನಂಬರ್ ಬಗ್ಗೆ ತುಂಬ ಜನ ಕೇಳ್ತಾರೆ. ಹತ್ತಿಯ ಹಳೇ ಲೆಕ್ಕ ಹೀಗೆ: ಒಂದು ಪೌಂಡ್ ಹತ್ತಿಯಲ್ಲಿ 840 ಗಜದ ಲಡಿ ಎಷ್ಟು ಬರುತ್ತೆ? ನಲವತ್ತು ಬಂದ್ರೆ 40 ನಂಬರ್, ಅರವತ್ತು ಬಂದ್ರೆ 60. ಅಷ್ಟೇ ಹತ್ತಿಯಿಂದ ಹೆಚ್ಚು ಉದ್ದ ತೆಗೆಯಬೇಕಂದ್ರೆ ನೂಲು ತೆಳ್ಳಗಾಗಲೇಬೇಕು. ಅದಕ್ಕೇ ನಂಬರ್ ದೊಡ್ಡದಾದಷ್ಟು ದಾರ ಸಣ್ಣ.

‘ಟೆಕ್ಸ್’ ಅಂತ ಇದ್ರೆ ಉಲ್ಟಾ. ಅದು 1000 ಮೀಟರ್ ದಾರದ ತೂಕ, ಗ್ರಾಂನಲ್ಲಿ. ದೊಡ್ಡ ನಂಬರ್ ಅಂದ್ರೆ ದಪ್ಪ ದಾರ. ಪಾಲಿಯೆಸ್ಟರ್ ರೀಲಿನ 120 ಟಿಕೆಟ್ ನಂಬರ್ ಅಂದ್ರೆ ಸುಮಾರು 25 ಟೆಕ್ಸ್, ದಿನಬಳಕೆಯ ದಾರ. ಎರಡು ಲೆಕ್ಕ ಕಲಸಿಕೊಂಡ್ರೆ ಬ್ಲೌಸಿಗೆ ಬ್ಯಾಗಿನ ದಾರ ಬರುತ್ತೆ. ನನ್ನ ಹಾಗೆ.

6/7

1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅನ್ನೋ ಇಬ್ಬರು ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ನಾರು ಕಂಡುಹಿಡಿದ್ರು. ಇದು ಕೊಳೆಯಲ್ಲ, ನೀರು ಹೀರಲ್ಲ, ಕುಗ್ಗಲ್ಲ, ಸ್ವಲ್ಪ ಎಳೆದ್ರೆ ಎಳೆದಷ್ಟು ಬರುತ್ತೆ, ಬೆಲೆನೂ ಕಮ್ಮಿ. ಬಟ್ಟೆಗಳೂ ಸಿಂಥೆಟಿಕ್ ಆಗ್ತಿದ್ವು, ಟೀ ಶರ್ಟಿನಂಥ ಹಿಗ್ಗೋ ಬಟ್ಟೆ ಮನೆಮನೆಗೆ ಬರ್ತಿತ್ತು. ಬಟ್ಟೆ ಹಿಗ್ಗಿದಾಗ ಹತ್ತಿ ದಾರ ಪಟ್ ಅಂತ ಹರಿಯುತ್ತೆ, ಪಾಲಿಯೆಸ್ಟರ್ ತಾಳಿಕೊಳ್ಳುತ್ತೆ. ಆ ಸಮಸ್ಯೆಗೆ ಅದು ಸರಿಯಾದ ಉತ್ತರ.

ಆದ್ರೆ ಹಳೇ ರೇಷ್ಮೆಯ ಮುಂದೆ ಅದೇ ಗಟ್ಟಿತನ ತಪ್ಪು ಉತ್ತರ. ವರ್ಷಗಳ ಬೆವರು, ಬೆಳಕು, ಮಡಿಕೆಯಿಂದ ರೇಷ್ಮೆ ಸೋತಿರುತ್ತೆ. ಎಳೆತ ಬಂದಾಗ ಎರಡರಲ್ಲಿ ಒಂದು ಸೋಲಲೇಬೇಕು, ದಾರ ಸೋಲದಿದ್ರೆ ಬಟ್ಟೆ ಸೋಲುತ್ತೆ. ನಾನು ಹಾಕಿದ ಒತ್ತೊತ್ತು ಹೊಲಿಗೆ, ದಪ್ಪ ಸೂಜಿ ಸೇರಿ ಅಂಚೆ ಚೀಟಿಯ ಹಾಗೆ ಸಾಲಾಗಿ ತೂತು ಮಾಡಿ ಕೊಟ್ಟಿತ್ತು. ದಾರ ಒಂದನ್ನೇ ಬೈಯೋದು ನ್ಯಾಯ ಅಲ್ಲ.

ಇನ್ನೊಂದು. ಬಿಳಿ ಕಾಟನ್ ಕುರ್ತಾನ ಮನೇಲಿ ಬಣ್ಣಕ್ಕೆ ಅದ್ದಿದಾಗ ಹೊಲಿಗೆ ಮಾತ್ರ ಬಿಳಿಯಾಗೇ ಉಳಿದಿದ್ಯಾ? ಅದು ಪಾಲಿಯೆಸ್ಟರ್ ದಾರ. ಹತ್ತಿಯ ಬಣ್ಣ ಅದಕ್ಕೆ ಹಿಡಿಯಲ್ಲ.

7/7 (ಇದನ್ನ ಸೇವ್ ಮಾಡ್ಕೊಳ್ಳಿ)

ಈಗ ಪಟ್ಟಿ ನಿಮಗೇ ಅರ್ಥ ಆಗುತ್ತೆ.

• ಕಾಟನ್, ಖಾದಿ: ಮರ್ಸರೈಸ್ಡ್ ಹತ್ತಿ ದಾರ. ಮುಂದೆ ಬಣ್ಣ ಹಾಕೋ ಯೋಚನೆ ಇದ್ರೆ ಹತ್ತಿನೇ.
• ರೇಷ್ಮೆ: ರೇಷ್ಮೆ ದಾರ ಅಥವಾ ಸಣ್ಣ ಹತ್ತಿ ದಾರ, 70 ನಂಬರ್ ಸೂಜಿ, ಸ್ವಲ್ಪ ಉದ್ದ ಹೊಲಿಗೆ. ಸೀರೆ ಫಾಲ್ ಕೈಯಲ್ಲೇ ಹಾಕಿಸಿ.
• ಟೀ ಶರ್ಟ್, ಲೆಗ್ಗಿಂಗ್ಸ್: ಪಾಲಿಯೆಸ್ಟರ್, ಝಿಗ್‌ಝಾಗ್ ಹೊಲಿಗೆ, ಮೊನೆ ದುಂಡಗಿರೋ ಸೂಜಿ.
• ಜೀನ್ಸ್, ಬ್ಯಾಗ್: ದಪ್ಪ ಪಾಲಿಯೆಸ್ಟರ್, 100 ನಂಬರ್ ಸೂಜಿ. (ಸೂಜಿಯ 100 ಅಂದ್ರೆ ಒಂದು ಮಿಲಿಮೀಟರ್ ದಪ್ಪ, 70 ಅಂದ್ರೆ 0.7.)
• ಅಜ್ಜಿಯ ಡಬ್ಬಿಯ ಹಳೇ ರೀಲು: ಒಂದು ಗೇಣು ಎಳೆದು ನೋಡಿ. ಸಲೀಸಾಗಿ ತುಂಡಾದ್ರೆ ಷೋಕೇಸಿಗೆ ಇಡಿ, ಮಷೀನಿಗೆ ಬೇಡ.

ಯಾವ ದಾರ ಅಂತ ಗೊತ್ತಾಗದಿದ್ರೆ ಒಂದು ತುಣುಕನ್ನ ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ಸುಟ್ಟು ನೋಡಿ, ಮನೇಲಿ ದೊಡ್ಡವರು ಇದ್ದಾಗ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ.

ಕೊನೆಯ ಫೋಟೋ ನಮ್ಮ ಮನೆಯ ಕೌದಿ. ಹಳೇ ಕಾಟನ್ ಸೀರೆಗಳನ್ನ ಪದರ ಪದರವಾಗಿ ಇಟ್ಟು ಹತ್ತಿ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿದ್ದು. ಎಷ್ಟೋ ಕಡೆ ದಾರ ಸವೆದು ಹೋಗಿದೆ, ಅಲ್ಲೆಲ್ಲ ಬೇರೆ ಬೇರೆ ಬಣ್ಣದಲ್ಲಿ ಮತ್ತೆ ಹೊಲಿದಿದ್ದಾರೆ. ಸೀರೆ ಮಾತ್ರ ಸೀಳಿಲ್ಲ. ಪೈಸ್ಲಿ, ಟೆಕ್ಸ್ ಏನೂ ಕೇಳದ ಅಜ್ಜಿಗೆ ಟೈಲರ್ ಅಕ್ಕನ ಮಾತು ಮೊದಲೇ ಗೊತ್ತಿತ್ತು.

ಕುಪ್ಪಸಕ್ಕೆ ಅಕ್ಕ ಒಳಗಿಂದ ತೆಳು ಮಲ್ ಬಟ್ಟೆ ಕೊಟ್ಟು ಕೈಯಲ್ಲೇ ಹಿಡಿಸಿದ್ದಾರೆ. ಹಾಕ್ಕೊಳ್ಳೋ ಹಾಗಿಲ್ಲ, ಎತ್ತಿಡಬಹುದು. ನಿಮ್ಮ ಬೀರುವಿನಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ. ಅದಕ್ಕೆ ಸೂಜಿ ಹಾಕೋ ಮೊದಲು ಕೈಯಲ್ಲಿರೋ ರೀಲನ್ನ ಒಂದು ಸಲ ತಿರುಗಿಸಿ ನೋಡಿ.

ನಿಮ್ಮ ಮನೇಲಿರೋ ಅತಿ ಹಳೇ ದಾರದ ರೀಲಿನ ಫೋಟೋ ಕಳಿಸಿ, ಮುಂದಿನ ಸರಣಿಗೆ ಹಾಕ್ತೀನಿ.

#ಹೊಲಿಗೆ #ದಾರದಕತೆ #ಕನ್ನಡದಲ್ಲಿಇತಿಹಾಸ #ಕೌದಿ