ಲೇಸರ್ ಬಿದ್ದರೆ ಹಲ್ಲಿನ ಎನಾಮೆಲ್ ಏನಾಗುತ್ತೆ? ದುಡ್ಡು ಕೊಡುವ ಮೊದಲು ತಿಳಿದಿರಲಿ

ಹಲ್ಲಿನ ಕ್ಲಿನಿಕ್‌ಗಳ ಬೋರ್ಡ್‌ನಲ್ಲಿ ಈಗ ‘ಲೇಸರ್ ಚಿಕಿತ್ಸೆ ಲಭ್ಯವಿದೆ’ ಅನ್ನೋ ಸಾಲು ಹೊಸದೇನಲ್ಲ. ಲೇಸರ್ ಮಾಡಿಸಿದರೆ ಸವೆದ ಹಲ್ಲು ಮತ್ತೆ ಬೆಳೆಯುತ್ತೆ, ಕಂದು ಕಲೆ ಮಾಯವಾಗುತ್ತೆ ಅಂತ ನಂಬಿರುವವರೂ ಇದ್ದಾರೆ. ಎರಡೂ ನಿಜವಲ್ಲ. ಆದರೆ ಲೇಸರ್‌ನಿಂದ ಎನಾಮೆಲ್ ಬದಲಾಗುವುದು ಮಾತ್ರ ನಿಜ.

ಎನಾಮೆಲ್ ಅಂದರೆ ಹಲ್ಲಿನ ಹೊರಕವಚ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಶೇ 96ರಷ್ಟು ಖನಿಜ, ಉಳಿದದ್ದು ನೀರು ಮತ್ತು ಚೂರು ಪ್ರೋಟೀನ್. ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಸಣ್ಣ ಹರಳುಗಳು. ಈ ಹರಳುಗಳ ನಡುನಡುವೆ ಕಾರ್ಬೊನೇಟ್ ಸೇರಿಕೊಂಡಿರುತ್ತೆ. ಇದೇ ದುರ್ಬಲ ಜಾಗ. ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗೋಕೆ ಶುರು, ಹುಳುಕಿನ ಆರಂಭವೂ ಅಲ್ಲೇ. ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವಷ್ಟರಲ್ಲಿ ಸತ್ತಿರುತ್ತವೆ. ಹಾಗಾಗಿ ಹೋದ ಎನಾಮೆಲ್ ಮತ್ತೆ ಬೆಳೆಯಲ್ಲ.

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟರ್ನ್ ಮತ್ತು ಸಾಗ್ನೆಸ್ ಎಂಬ ಸಂಶೋಧಕರು ಎನಾಮೆಲ್ ಮೇಲೆ ರೂಬಿ ಲೇಸರ್ ಬಿಟ್ಟು ನೋಡಿದರು. ಬೆಳಕು ಬಿದ್ದ ಜಾಗ ಆಮ್ಲಕ್ಕೆ ಅಷ್ಟು ಬೇಗ ಕರಗಲಿಲ್ಲ.

ಕಾರಣ ಗೊತ್ತಾಗಲು ಇಟ್ಟಿಗೆ ಗೂಡು ನೆನಪಿಸಿಕೊಳ್ಳಿ. ಹಸಿ ಇಟ್ಟಿಗೆ ಮಳೆಗೆ ಕರಗುತ್ತೆ, ಸುಟ್ಟ ಇಟ್ಟಿಗೆ ಕರಗಲ್ಲ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನ 9.3 ಮತ್ತು 9.6 ಮೈಕ್ರೋಮೀಟರ್ ಅಲೆಗಳನ್ನು ಎನಾಮೆಲ್‌ನ ಖನಿಜವೇ ಹೀರಿಕೊಳ್ಳುತ್ತೆ. ಮೇಲಿನ ತೆಳು ಪದರ ಕ್ಷಣಮಾತ್ರ ನೂರಾರು ಡಿಗ್ರಿ ಕಾಯುತ್ತೆ. ಆಗ ಕಾರ್ಬೊನೇಟ್ ಹೊರಟುಹೋಗಿ, ಉಳಿದ ಹರಳು ಹೆಚ್ಚು ಶುದ್ಧವಾಗುತ್ತೆ. ಆಮ್ಲಕ್ಕೆ ಹಿಡಿಯೋಕೆ ದುರ್ಬಲ ಜಾಗ ಕಡಿಮೆ. ಶಾಖ ಇನ್ನೂ ಏರಿ ಸಾವಿರ ಡಿಗ್ರಿ ದಾಟಿದರೆ ಮೇಲ್ಮೈ ಕರಗಿ ಮತ್ತೆ ಗಟ್ಟಿಯಾಗುತ್ತೆ, ತಣಿಯುವಾಗ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಆಮ್ಲಕ್ಕೆ ಬೇಗ ಕರಗುವ ಬೇರೆ ಕ್ಯಾಲ್ಸಿಯಂ ಫಾಸ್ಫೇಟ್‌ಗಳೂ ಹುಟ್ಟಬಹುದು. ಸುಡುವುದು ಹದವಾಗಿರಬೇಕು, ಅಷ್ಟೇ.

ಎರ್ಬಿಯಂ ಲೇಸರ್‌ನ ಕೆಲಸವೇ ಬೇರೆ. ಅದರ 2.94 ಮೈಕ್ರೋಮೀಟರ್ ಬೆಳಕನ್ನು ಹೆಚ್ಚಾಗಿ ಹೀರುವುದು ನೀರು. ಎನಾಮೆಲ್‌ನೊಳಗಿನ ತೇವ ಹಬೆಯಾಗಿ ಸಿಡಿದು ಖನಿಜವನ್ನು ಚೂರು ಚೂರಾಗಿ ಕಿತ್ತೆಸೆಯುತ್ತೆ. ಬಾಣಲೆಯಲ್ಲಿ ಜೋಳ ಅರಳುವ ಹಾಗೆ ಅನ್ನಿ. ಹುಳುಕು ತೆಗೆಯಲು ಡ್ರಿಲ್ ಬದಲು ಬಳಸುವುದು ಸಾಮಾನ್ಯವಾಗಿ ಇದನ್ನೇ. ಅಮೆರಿಕದಲ್ಲಿ 1997ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಇಲ್ಲಿ ಎನಾಮೆಲ್ ಗಟ್ಟಿಯಾಗುವುದಕ್ಕಿಂತ ಕಡಿಮೆಯಾಗುವುದೇ ಮುಖ್ಯ. ಉಳಿದ ಮೇಲ್ಮೈ ಸುಣ್ಣದ ಹಾಗೆ ಒರಟಾಗಿರುತ್ತೆ. ಇನ್ನು ಡಯೋಡ್ ಲೇಸರ್ ಬೆಳಕನ್ನು ಎನಾಮೆಲ್ ಬಹಳ ಕಡಿಮೆ ಹೀರುತ್ತೆ, ಅದು ಹೆಚ್ಚಾಗಿ ಒಸಡಿನ ಕೆಲಸಕ್ಕೆ. ಒಂದೇ ‘ಲೇಸರ್’ ಪದ, ಮೂರು ಬೇರೆ ಕೆಲಸ. ಡಾಕ್ಟರ್ ಹತ್ತಿರ ಯಾವ ಲೇಸರ್, ಯಾತಕ್ಕೆ ಅಂತ ಕೇಳಲು ಸಂಕೋಚ ಬೇಡ.

ಶಾಖದ ಅಪಾಯ ಎನಾಮೆಲ್‌ಗಿಂತ ಒಳಗಿನ ನರ, ರಕ್ತನಾಳಗಳಿಗೆ ಜಾಸ್ತಿ. 1965ರಲ್ಲಿ ಮಂಗಗಳ ಹಲ್ಲಿನ ಮೇಲೆ ನಡೆದ ಹೆಸರಾಂತ ಪ್ರಯೋಗದಲ್ಲಿ, ಒಳಗಿನ ಉಷ್ಣಾಂಶ ಬರೀ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಶೇ 15ರಷ್ಟು ಹಲ್ಲುಗಳ ಒಳತಿರುಳು ಸತ್ತುಹೋಯಿತು. ಎರ್ಬಿಯಂ ಲೇಸರ್ ಜೊತೆ ನೀರು ಸಿಂಪಡಿಸುತ್ತಾ ಇರುವುದು ಅದಕ್ಕೇ.

ಪಾವಗಡ, ಕೋಲಾರದ ಕಡೆಯವರು ಕೇಳುವ ಪ್ರಶ್ನೆ ಇನ್ನೊಂದಿದೆ: ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬಂದ ಕಲೆ ಲೇಸರ್‌ಗೆ ಹೋಗುತ್ತಾ? ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ಅದು ಮೀರಿದ ನೀರನ್ನು ಚಿಕ್ಕ ವಯಸ್ಸಿನಲ್ಲಿ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಕುಡಿದರೆ, ಎನಾಮೆಲ್ ಒಳಪದರ ಟೊಳ್ಳುಟೊಳ್ಳಾಗಿ ಬೆಳೆಯುತ್ತೆ. ಲೇಸರ್ ಮೇಲಿನ ಪದರವನ್ನು ಬದಲಿಸಬಹುದು ಇಲ್ಲವೇ ಕೆತ್ತಬಹುದು, ಆ ಟೊಳ್ಳನ್ನು ತುಂಬಲ್ಲ. ಕಲೆ ತೆಳುವಾಗಿದ್ದರೆ ಬ್ಲೀಚಿಂಗ್ ಅಥವಾ ಮೇಲ್ಪದರವನ್ನು ಸವರಿ ತೆಗೆಯುವ ವಿಧಾನ ಇದೆ. ಗಾಢವಾಗಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಅಥವಾ ವೆನೀರ್. ಮಗು ಇನ್ನೂ ಚಿಕ್ಕದಾಗಿದ್ದರೆ ಮೊದಲು ನೀರನ್ನು ಪರೀಕ್ಷೆ ಮಾಡಿಸಿ.